ಶುಕ್ರವಾರ ರಾತ್ರಿ ಹತ್ತಕ್ಕೆ ಪ್ಲೇ: 2025ರಲ್ಲಿ ನಮ್ಮ ಕಿವಿ ತೂತು ಮಾಡಿದ ಐದು ಆಲ್ಬಂಗಳು

ಡಿಸೆಂಬರ್ ಬಂತು ಅಂದ್ರೆ ಎಲ್ಲರ ಸ್ಟೇಟಸ್‌ನಲ್ಲೂ ಒಂದೇ ಥರದ ಪೋಸ್ಟರ್. ಇಷ್ಟು ಸಾವಿರ ನಿಮಿಷ ಹಾಡು ಕೇಳಿದ್ರಿ, ಇವರನ್ನ ಜಾಸ್ತಿ ಕೇಳಿದ್ರಿ ಅಂತ ಆ್ಯಪ್ ಮಾರ್ಕ್ಸ್ ಕಾರ್ಡ್ ಕೊಡತ್ತೆ. ನಾವೂ ಅದನ್ನ ಖುಷಿಯಿಂದ ಶೇರ್ ಮಾಡ್ತೀವಿ. ಆದ್ರೆ ಸ್ವಲ್ಪ ಯೋಚನೆ ಮಾಡಿ. ರೆಕಾರ್ಡ್ ಬರೆಯುವಾಗ ಹಿಂದೆ ಓಡ್ತಿದ್ದ ಹಾಡು, ಬಸ್ಸಲ್ಲಿ ನಿದ್ದೆ ಹೋದ ಮೇಲೂ ಓಡ್ತಿದ್ದ ಹಾಡು, ಎಲ್ಲಾ ಸೇರಿಸಿ ಕೊಡೋ ಲೆಕ್ಕ ಅದು. ಅಟೆಂಡೆನ್ಸ್ ಇದ್ದ ಹಾಗೆ. ಕ್ಲಾಸಲ್ಲಿ ಕೂತಿದ್ವಿ ಅನ್ನೋದಕ್ಕೆ ಸಾಕ್ಷಿ ಇದೆ, ಕೇಳಿಸ್ಕೊಂಡ್ವಿ ಅನ್ನೋದಕ್ಕೆ ಇಲ್ಲ.

ಅದಕ್ಕೇ ನಮ್ಮದೇ ಒಂದು ಪಟ್ಟಿ ಮಾಡಿದ್ದೀವಿ. ನಾವು ಅಂದ್ರೆ ನಾಲ್ಕು ಜನ. ಇಬ್ಬರು ಬಾಯ್ಸ್ ಹಾಸ್ಟೆಲ್, ಇಬ್ಬರು ಲೇಡೀಸ್ ಹಾಸ್ಟೆಲ್. ನಾಲ್ವರಿಗೂ ಪಂಕ್ ಮತ್ತು ಮೆಟಲ್ ಹುಚ್ಚು. ಒಟ್ಟಿಗೆ ಕೂತು ಕೇಳೋಣ ಅಂದ್ರೆ ಸಂಜೆ ಒಂದು ಕಡೆಯ ಗೇಟು ಬೇಗ ಮುಚ್ಚತ್ತೆ, ಇನ್ನೊಂದು ಕಡೆಯದು ತಡವಾಗಿ. ಯಾವ ಕಡೆಯದು ಬೇಗ ಅಂತ ಹೇಳೋದು ಬೇಕಿಲ್ಲ ಅಲ್ವಾ. ಹಾಗಾಗಿ ಒಂದು ಉಪಾಯ ಮಾಡಿದ್ವಿ. ಹೊಸ ಆಲ್ಬಂಗಳು ಜಗತ್ತಿನಾದ್ಯಂತ ಶುಕ್ರವಾರ ಬರ್ತವೆ, ನಮ್ಮ ಸಿನಿಮಾಗಳ ಹಾಗೇ. ಶುಕ್ರವಾರ ರಾತ್ರಿ ಸರಿಯಾಗಿ ಹತ್ತು ಗಂಟೆಗೆ ನಾಲ್ವರೂ ಅವರವರ ರೂಮಲ್ಲಿ ಒಂದೇ ಆಲ್ಬಂನ ಪ್ಲೇ ಒತ್ತೋದು. ಒತ್ತಿದ ಮೇಲೆ ಗ್ರೂಪಲ್ಲಿ ಒಂದು ಕೈ ಎತ್ತಿದ ಇಮೋಜಿ ಹಾಕೋದು. ಮುಗಿಯೋವರೆಗೆ ಚಾಟ್ ಇಲ್ಲ, ಶಫಲ್ ಇಲ್ಲ, ಸ್ಕಿಪ್ ಇಲ್ಲ. ಮುಗಿದ ಮೇಲೆ ಜಗಳ.

ಪಟ್ಟಿಗೆ ಬರೋಕೆ ನಿಯಮ ಒಂದೇ: ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಮೂರು ಸಲ ಕೇಳಿದ ಮೇಲೂ ನಾಲ್ಕನೇ ಸಲ ಕೇಳಬೇಕು ಅನ್ನಿಸ್ಬೇಕು. ಈ ನಿಯಮದಿಂದ ದೊಡ್ಡ ದೊಡ್ಡವರು ಹೊರಗೆ ಹೋದ್ರು. ಈ ವರ್ಷ ಸ್ವೀಡನ್ನಿನ ಘೋಸ್ಟ್, ಇಂಗ್ಲೆಂಡಿನ ಸ್ಲೀಪ್ ಟೋಕನ್ ಎರಡೂ ಬ್ಯಾಂಡ್‌ಗಳು ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ನಂಬರ್ ಒನ್ ಆದವು. ಮುಖವಾಡ ಹಾಕಿಕೊಂಡು ಗಿಟಾರ್ ಹಿಡಿದವರು ಪಾಪ್ ತಾರೆಯರನ್ನ ಹಿಂದೆ ಹಾಕಿದ್ದು ಸಣ್ಣ ವಿಷಯ ಅಲ್ಲ, ನಮಗೂ ಖುಷಿಯಾಯ್ತು. ಆದ್ರೆ ಸ್ಲೀಪ್ ಟೋಕನ್‌ನ ‘ಈವನ್ ಇನ್ ಆರ್ಕೇಡಿಯಾ’ ನಮಗೆ ಮೂರನೇ ಸಲಕ್ಕೆ ಎಸಿ ಮಾಲ್‌ನಲ್ಲಿ ಸುತ್ತಾಡಿದ ಹಾಗೆ ಅನ್ನಿಸ್ತು. ಎಲ್ಲ ಹೊಳೆಯತ್ತೆ, ಎಲ್ಲೂ ಬೆವರಿಲ್ಲ. ಫ್ಯಾನ್‌ಗಳು ಬೈಬಹುದು, ಮೆಸ್‌ನಲ್ಲಿ ಸಿಗ್ತೀವಿ.

ಪಟ್ಟಿಗೆ ಮೊದಲು: ಬರ್ಮಿಂಗ್‌ಹ್ಯಾಮ್

2025ರ ಬಗ್ಗೆ ಬರೆಯುವಾಗ ಆಲ್ಬಂ ಅಲ್ಲದ ಒಂದು ವಿಷಯ ಬಿಡೋಕಾಗಲ್ಲ. ಜುಲೈ 5ಕ್ಕೆ ಬರ್ಮಿಂಗ್‌ಹ್ಯಾಮ್‌ನ ವಿಲಾ ಪಾರ್ಕ್ ಸ್ಟೇಡಿಯಂನಲ್ಲಿ ಬ್ಲ್ಯಾಕ್ ಸಬ್ಬತ್‌ನ ಮೊದಲ ನಾಲ್ಕು ಜನ, ಆಜಿ ಆಸ್ಬರ್ನ್, ಟೋನಿ ಐಯೊಮಿ, ಗೀಜರ್ ಬಟ್ಲರ್, ಬಿಲ್ ವಾರ್ಡ್, 20 ವರ್ಷಗಳ ನಂತರ ಒಟ್ಟಿಗೆ ಸ್ಟೇಜ್ ಹತ್ತಿದರು. ಪಾರ್ಕಿನ್ಸನ್ಸ್ ಕಾಯಿಲೆಯಿಂದ ಆಜಿಗೆ ನಿಲ್ಲೋಕೂ ಆಗ್ತಿರಲಿಲ್ಲ. ಸಿಂಹಾಸನದ ಥರದ ಕುರ್ಚಿಯಲ್ಲಿ ಕೂತೇ ಹಾಡಿದ. ಸಬ್ಬತ್‌ದು ನಾಲ್ಕೇ ಹಾಡು. 17 ದಿನ ಆದ್ಮೇಲೆ, ಜುಲೈ 22ಕ್ಕೆ, 76ನೇ ವಯಸ್ಸಲ್ಲಿ ತೀರಿಕೊಂಡ. ಎದ್ದು ಹೋಗೋಕೂ ಆಗದ ಕುರ್ಚಿಯಿಂದ ಏಳೋಕೆ ಆತ ಮತ್ತೆ ಮತ್ತೆ ಪ್ರಯತ್ನ ಮಾಡ್ತಿದ್ದದ್ದನ್ನ ಫೋನಿನ ಸಣ್ಣ ಸ್ಕ್ರೀನಲ್ಲಿ ನೋಡಿದಾಗ ನಾವು ನಾಲ್ವರೂ ಏನೂ ಟೈಪ್ ಮಾಡಲಿಲ್ಲ.

ಆದ್ರೆ ಎಂಜಿನಿಯರಿಂಗ್ ಓದೋರಿಗೆ ಹೇಳಲೇಬೇಕಾದ ಕಥೆ ಆಜಿದಲ್ಲ, ಐಯೊಮಿದು. 17 ವರ್ಷದ ಹುಡುಗ, ಶೀಟ್ ಮೆಟಲ್ ಫ್ಯಾಕ್ಟರಿಯಲ್ಲಿ ಕೆಲಸ. ಕೆಲಸದ ಕೊನೆಯ ದಿನ ಮಷೀನಿಗೆ ಕೈ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯ್ತು. ಎಡಚ ಆದ್ದರಿಂದ ತಂತಿ ಒತ್ತೋ ಕೈಯೇ ಅದು. ಇನ್ನು ಗಿಟಾರ್ ಆಗಲ್ಲ ಅಂದ್ರು. ಫ್ಯಾಕ್ಟರಿಯ ಮೇಲಧಿಕಾರಿಯೊಬ್ಬರು ಬಂದು ಜಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ಕೇಳಿಸಿದರಂತೆ. ಬೆಂಕಿಯಲ್ಲಿ ಕೈ ಸುಟ್ಟುಕೊಂಡು ಎರಡೇ ಬೆರಳಿನ ಮೇಲೆ ಸೋಲೋ ನುಡಿಸುತ್ತಿದ್ದ ಜಾಝ್ ಗಿಟಾರಿಸ್ಟ್ ಆತ. ಐಯೊಮಿ ಮನೆಗೆ ಹೋಗಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ತನ್ನ ಬೆರಳಿಗೆ ಟೋಪಿ ಮಾಡಿಕೊಂಡ. ಮೇಲೆ ತೊಗಲಿನ ತುಂಡು ಅಂಟಿಸಿದ. ಗಟ್ಟಿ ತಂತಿ ಒತ್ತಿದ್ರೆ ನೋವು, ಅದಕ್ಕೆ ತೆಳು ತಂತಿ ಹಾಕಿದ. ಆಮೇಲೆ ಶ್ರುತಿಯನ್ನೂ ಇಳಿಸಿದ.

ಇಲ್ಲಿ ಸ್ವಲ್ಪ ಫಿಸಿಕ್ಸ್. ತಂತಿಯ ಟೆನ್ಷನ್ ಫ್ರೀಕ್ವೆನ್ಸಿಯ ವರ್ಗಕ್ಕೆ ಅನುಪಾತದಲ್ಲಿ ಇರತ್ತೆ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಯಲ್ಲಿ ಕೆಲವು ಹಾಡಿಗೆ ಐಯೊಮಿ ಮೂರು ಸೆಮಿಟೋನ್ ಇಳಿಸಿದ. ಲೆಕ್ಕ ಹಾಕಿ, ಅದೇ ತಂತಿಯ ಟೆನ್ಷನ್ ಸುಮಾರು 29% ಕಮ್ಮಿ ಆಗತ್ತೆ. ಬೆರಳಿಗೆ ಆರಾಮ. ಆದ್ರೆ ಬಂದ ಶಬ್ದ ಕತ್ತಲೆ ಥರ, ಭಾರ, ಯಾರೂ ಕೇಳಿರದಂಥದ್ದು. ಆಮೇಲೆ ಬಂದ ಸಾವಿರಾರು ಬ್ಯಾಂಡ್‌ಗಳು ಬೆರಳು ಸರಿ ಇದ್ರೂ ಶ್ರುತಿ ಇಳಿಸಿದವು. ಅಂದ್ರೆ ಹೆವಿ ಮೆಟಲ್‌ನ ಶಬ್ದ ಅಂತ ನಾವೀಗ ಏನನ್ನ ಕರೀತೀವೋ ಅದರಲ್ಲಿ ಅರ್ಧ, ಒಬ್ಬ ಕಾರ್ಮಿಕ ಹುಡುಗ ತನ್ನ ಗಾಯಕ್ಕೆ ಮಾಡಿಕೊಂಡ ಜುಗಾಡ್. ಡಿಸೈನ್ ಥಿಂಕಿಂಗ್ ಕ್ಲಾಸಲ್ಲಿ ಇದನ್ನ ಹೇಳಿಕೊಟ್ಟಿದ್ರೆ ಕೊನೆ ಬೆಂಚಿನವರೂ ಎದ್ದಿರ್ತಿದ್ರು.

ಈಗ ಪಟ್ಟಿ. ಐದರಿಂದ ಒಂದಕ್ಕೆ.

5. ಡೆಫ್‌ಟೋನ್ಸ್: ‘ಪ್ರೈವೇಟ್ ಮ್ಯೂಸಿಕ್’ (ಆಗಸ್ಟ್ 22)

1988ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋದಲ್ಲಿ ಶುರುವಾದ ಬ್ಯಾಂಡು. ನಮ್ಮ ಅಪ್ಪ ಅಮ್ಮಂದಿರ ಕಾಲದವರು. ಈಗ ನೋಡಿದ್ರೆ ರೀಲ್ಸ್‌ನಿಂದಾಗಿ ಅವರ ಹಳೇ ಹಾಡುಗಳನ್ನ ಕೇಳ್ತಿರೋದು ನಮ್ಮ ವಯಸ್ಸಿನವರು. ಇದು ಅವರ ಹತ್ತನೇ ಆಲ್ಬಂ, ಐದು ವರ್ಷದ ಗ್ಯಾಪ್ ನಂತರ. ಪ್ರೊಡ್ಯೂಸರ್ ನಿಕ್ ರಸ್ಕುಲಿನೆಟ್ಸ್, ‘ಡೈಮಂಡ್ ಐಸ್’ ಮತ್ತು ‘ಕೊಯ್ ನೊ ಯೊಕಾನ್’ ಮಾಡಿದವರೇ.

ಡೆಫ್‌ಟೋನ್ಸ್‌ನ ಗುಟ್ಟು ಇಷ್ಟೇ: ಗಿಟಾರ್ ಗೋಡೆ ಥರ ನಿಂತಿರತ್ತೆ, ಚಿನೋ ಮೊರೆನೋನ ದನಿ ಆ ಗೋಡೆಯ ಮೇಲೆ ಬಳ್ಳಿ ಥರ ಹಬ್ಬತ್ತೆ. ಮೊದಲ ಹಾಡು ‘ಮೈ ಮೈಂಡ್ ಈಸ್ ಎ ಮೌಂಟನ್’ ಮೂರು ನಿಮಿಷವೂ ಇಲ್ಲ. ಆದ್ರೆ ಮುಗಿದ ಮೇಲೆ ಬೆಟ್ಟ ಇಳಿದು ಬಂದ ಹಾಗೆ ಕಾಲು ನಡುಗತ್ತೆ. ಹಾಗಾದ್ರೆ ಐದನೇ ಜಾಗ ಯಾಕೆ? ಯಾಕಂದ್ರೆ ಇಲ್ಲಿ ಆಶ್ಚರ್ಯ ಇಲ್ಲ. ಚೆನ್ನಾಗಿ ಗೊತ್ತಿರೋ ಅಡುಗೆಯನ್ನ ಚೆನ್ನಾಗಿ ಮಾಡಿದ್ದಾರೆ. ನಮ್ಮಲ್ಲಿ ಇಬ್ಬರಿಗೆ ಇದು ಮೂರನೇ ಜಾಗದಲ್ಲಿರಬೇಕಿತ್ತು. ವೋಟಿಂಗ್‌ನಲ್ಲಿ ಸೋತ್ರು, ಇನ್ನೂ ಮುನಿಸಿದೆ.

4. ಬ್ಲಡಿವುಡ್: ‘ನು ಡೆಲ್ಲಿ’ (ಮಾರ್ಚ್ 21)

ಹೆಸರಲ್ಲೇ ಆಟ. ನು ಮೆಟಲ್ ಅನ್ನೋ ಶೈಲಿ, ನ್ಯೂ ಡೆಲ್ಲಿ ಅನ್ನೋ ಊರು. ಒಬ್ಬ ಕಾರ್ಪೊರೇಟ್ ವಕೀಲ ಕೆಲಸ ಬಿಟ್ಟು, ಪಾಪ್ ಹಾಡುಗಳನ್ನ ಗೇಲಿ ಮಾಡಿ ಮೆಟಲ್ ಮಾಡಿ ಯೂಟ್ಯೂಬ್‌ಗೆ ಹಾಕಿದ್ದು ಈ ಬ್ಯಾಂಡಿನ ಶುರು. ಕರಣ್ ಕಟಿಯಾರ್ ಅವರ ಹೆಸರು. ಅಲ್ಲಿಂದ 2019ರಲ್ಲಿ ಜರ್ಮನಿಯ ವಾಕನ್ ಫೆಸ್ಟಿವಲ್‌ವರೆಗೆ ಹೋದ್ರು. ಈ ಆಲ್ಬಂನಲ್ಲಿ ಎಂಟೇ ಹಾಡು. ಡೋಲು, ಕೊಳಲು, ಹಿಂದಿ, ಪಂಜಾಬಿ, ಇಂಗ್ಲಿಷ್ ರ‍್ಯಾಪ್. ಜಪಾನಿನ ಬೇಬಿಮೆಟಲ್ ಜೊತೆ ಒಂದು ಹಾಡೂ ಇದೆ.

ಅದಕ್ಕಿಂತ ನಮಗೆ ಇಷ್ಟವಾಗಿದ್ದು ‘ತಡ್ಕಾ’. ಹೌದು, ಒಗ್ಗರಣೆ. ನಮ್ಮ ದೇಶದ ಊಟದ ಬಗ್ಗೆ ಮೆಟಲ್ ಹಾಡು. ಮೆಟಲ್ ಅಂದ್ರೆ ತಲೆಬುರುಡೆ, ಸಾವು, ಸೈತಾನ ಅಂತಲೇ ತಿಳ್ಕೊಂಡಿದ್ದ ನಮ್ಮ ರೂಮ್‌ಮೇಟ್‌ಗೆ ಇದನ್ನ ಕೇಳಿಸಿದ್ವಿ. ಅವನು ಫಸ್ಟ್ ಟೈಮ್ ಪೂರ್ತಿ ಹಾಡು ಕೇಳಿ, ಸಾಸಿವೆ ಚಟಪಟ ಅನ್ನೋದೂ ಒಂಥರಾ ಡಬಲ್ ಬಾಸ್ ಡ್ರಮ್ಮೇ ಬಿಡ್ರೋ ಅಂದ.

ಒಂದು ತಕರಾರೂ ಇದೆ. ಕೆಲವು ಕಡೆ ಡೋಲು ಬರೋದು ಹಾಡಿಗೆ ಬೇಕಾಗಿ ಅಲ್ಲ, ಹೊರದೇಶದ ಪ್ರೇಕ್ಷಕರಿಗೆ ‘ನೋಡಿ ನಾವು ಇಂಡಿಯಾ’ ಅನ್ನೋದಕ್ಕೆ ಅನ್ನಿಸತ್ತೆ. ಆದ್ರೂ ಅವರು ನಮಗೊಂದು ಪ್ರಶ್ನೆ ಬಿಟ್ಟು ಹೋದ್ರು. ಅದನ್ನ ಕೊನೆಗೆ ಎತ್ತಿಕೊಳ್ತೀವಿ.

3. ಡೆಫ್‌ಹೆವನ್: ‘ಲೋನ್ಲಿ ಪೀಪಲ್ ವಿತ್ ಪವರ್’ (ಮಾರ್ಚ್ 28)

ಇದು ಸುಲಭದ ಆಲ್ಬಂ ಅಲ್ಲ. ಒಂದು ಗಂಟೆಗೂ ಸ್ವಲ್ಪ ಜಾಸ್ತಿ ಇದೆ. ಬ್ಲ್ಯಾಕ್ ಮೆಟಲ್‌ನ ಕಿರುಚಾಟ, ಮಳೆ ಸುರಿದ ಹಾಗೆ ಡ್ರಮ್ಸು, ಅದರ ಮೇಲೆ ಮಂಜು ಕವಿದ ಹಾಗೆ ಚೆಂದದ ಗಿಟಾರ್. 2021ರ ಆಲ್ಬಂನಲ್ಲಿ ಜಾರ್ಜ್ ಕ್ಲಾರ್ಕ್ ಕಿರುಚೋದನ್ನ ಹೆಚ್ಚುಕಮ್ಮಿ ಬಿಟ್ಟೇಬಿಟ್ಟಿದ್ದ. ಮೆತ್ತಗೆ ಹಾಡಿದ್ದ. ಈ ಸಲ ಕಿರುಚಾಟ ವಾಪಸ್ ಬಂದಿದೆ. ಅಧಿಕಾರದ ಹಿಂದೆ ಓಡೋರು ಒಳಗೆ ಎಷ್ಟು ಒಂಟಿ, ಆ ಒಂಟಿತನವನ್ನ ದೊಡ್ಡ ಗಂಡಸರು ಸಣ್ಣ ಹುಡುಗರಿಗೆ ಹೇಗೆ ಆಸ್ತಿ ಥರ ಬರೆದುಕೊಡ್ತಾರೆ, ನಮಗೆ ಕೇಳಿಸಿದ್ದು ಇದು.

ಈ ಆಲ್ಬಂ ಬಗ್ಗೆ ಬರೆಯುವಾಗ ಒಂದು ವಿಷಯ ಹೇಳಬೇಕು. ಹೇಳ್ಬಹುದು ಅಂತ ಅವನೇ ಒಪ್ಪಿದ್ದಾನೆ. ಆಗ ಫಸ್ಟ್ ಸೆಮ್ ರಿಸಲ್ಟ್ ಬಂದಿತ್ತು. ನಮ್ಮಲ್ಲೊಬ್ಬನಿಗೆ ಮೂರು ಸಬ್ಜೆಕ್ಟ್ ಹೋಗಿತ್ತು. ಪಿಯುಸಿಯಲ್ಲಿ ತೊಂಬತ್ತರ ಮೇಲೆ ತೆಗೆದವನು. ಕ್ಲಾಸಿಗೆ ಬರ್ತಿದ್ದ, ಊಟಕ್ಕೂ ಬರ್ತಿದ್ದ, ಜೋಕಿಗೆ ನಗ್ತಾನೂ ಇದ್ದ. ನಮಗೆ ಏನೂ ಗೊತ್ತಾಗಲಿಲ್ಲ. ಆ ಶುಕ್ರವಾರ ಹತ್ತು ಗಂಟೆಗೆ ಗ್ರೂಪಲ್ಲಿ ಮೂರೇ ಕೈ ಎದ್ದಿದ್ದವು. ಹತ್ತು ಐದಾಯ್ತು, ಹತ್ತೂಕಾಲಾಯ್ತು. ಲೇಡೀಸ್ ಹಾಸ್ಟೆಲ್‌ನಿಂದ ಮೆಸೇಜ್ ಬಂತು: ‘ನಿಯಮ ಮುರೀತಿದ್ದೀನಿ, ಸಾರಿ. ಅವನ ರೂಮಿಗೆ ಹೋಗಿ ನೋಡೋ.’

ಹೋದ್ರೆ ಲೈಟ್ ಆಫ್ ಮಾಡಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದ. ನಿದ್ದೆ ಬಂದಿರಲಿಲ್ಲ. ಮನೆಗೆ ಇನ್ನೂ ಹೇಳಿಲ್ಲ ಅಂದ. ಆ ರಾತ್ರಿ ಆಲ್ಬಂ ಕೇಳಲೇ ಇಲ್ಲ, ಮಾತಾಡಿದ್ವಿ. ಮಾರನೇ ದಿನ ಅವನ ಜೊತೆ ಪಕ್ಕದಲ್ಲೇ ಕೂತು ಅಪ್ಪನಿಗೆ ಫೋನ್ ಮಾಡಿಸಿದ್ವಿ. ಅಪ್ಪ ಬೈದ್ರು, ಆಮೇಲೆ ಊಟ ಮಾಡಿದ್ಯಾ ಅಂದ್ರು. ಆಲ್ಬಂ ಕೇಳಿದ್ದು ಮುಂದಿನ ಶುಕ್ರವಾರ.

‘ಇಂಥ ಕಿರುಚಾಟ ಕೇಳಿದ್ರೆ ಮಕ್ಕಳು ಡಿಪ್ರೆಶನ್‌ಗೆ ಹೋಗ್ತಾರೆ’ ಅಂತ ನಮಗೆ ಹೇಳೋರು ತುಂಬಾ ಜನ ಇದ್ದಾರೆ. ಮನೆಯಲ್ಲೂ, ಇಲ್ಲೂ. ನಾವು ಡಾಕ್ಟರ್‌ಗಳಲ್ಲ, ಹಾಡು ಔಷಧ ಅಂತಲೂ ಹೇಳಲ್ಲ. ಆ ರಾತ್ರಿ ಅವನಿಗೆ ಸಹಾಯ ಮಾಡಿದ್ದು ಡೆಫ್‌ಹೆವನ್ ಅಲ್ಲ, ಅದು ನಮಗೂ ಗೊತ್ತು. ಆದ್ರೆ ಆ ಕಿರುಚಾಟಕ್ಕೋಸ್ಕರ ವಾರಕ್ಕೊಂದು ಸಲ ನಾಲ್ಕು ಜನ ಕೈ ಎತ್ತೋ ಅಭ್ಯಾಸ ಇಲ್ಲದಿದ್ರೆ, ಒಂದು ಕೈ ಕಮ್ಮಿ ಇದೆ ಅಂತ ನಮಗೆ ಗೊತ್ತೇ ಆಗ್ತಿರಲಿಲ್ಲ.

2. ಲ್ಯಾಂಬ್ರಿನಿ ಗರ್ಲ್ಸ್: ‘ಹೂ ಲೆಟ್ ದ ಡಾಗ್ಸ್ ಔಟ್’ (ಜನವರಿ 10)

ಇಂಗ್ಲೆಂಡಿನ ಬ್ರೈಟನ್ ಊರಿನ ಫೀಬಿ ಲನ್ನಿ ಮತ್ತು ಲಿಲಿ ಮಾಸಿಯೆರಾ ಅವರ ಬ್ಯಾಂಡ್. ಮೊದಲ ಪೂರ್ಣ ಆಲ್ಬಂ. 11 ಹಾಡು, ಅರ್ಧ ಗಂಟೆಯೂ ಇಲ್ಲ. ಕೊನೆ ಹಾಡಿನ ಹೆಸರು ಬರೆದ್ರೆ ನಮ್ಮ ಎಡಿಟರ್ ಕತ್ತರಿ ತಗೊಂಡು ಬರ್ತಾರೆ, ನೀವೇ ಹುಡುಕಿಕೊಳ್ಳಿ.

ಪೊಲೀಸ್ ದಬ್ಬಾಳಿಕೆ, ಊರಿನ ಬಾಡಿಗೆ ಏರಿ ಹಳಬರು ಜಾಗ ಬಿಡಬೇಕಾಗೋದು, ತೆಳ್ಳಗಿರಬೇಕು ಅನ್ನೋ ಒತ್ತಡದಲ್ಲಿ ಊಟ ಬಿಡೋದು, ಅಪ್ಪನ ದುಡ್ಡಲ್ಲಿ ಕಲಾವಿದರಾಗೋರು, ಎಲ್ಲದರ ಮೇಲೂ ಒಂದೊಂದು ಹಾಡು. ಆದ್ರೆ ನಮ್ಮ ಕ್ಯಾಂಪಸ್ಸಿನ ಪ್ರತಿಯೊಬ್ಬರೂ ಕೇಳಬೇಕಾದ್ದು ‘ಕಂಪನಿ ಕಲ್ಚರ್’. ಆಫೀಸಲ್ಲಿ ಹೆಣ್ಣುಮಕ್ಕಳ ಜೊತೆ ನಡೆಯೋ ಅಸಹ್ಯದ ಬಗ್ಗೆ, ಅದನ್ನ ನಗುನಗುತ್ತಾ ಮುಚ್ಚಿಹಾಕೋ ಸಂಸ್ಕೃತಿಯ ಬಗ್ಗೆ.

ಯಾಕೆ ಎಲ್ಲರೂ ಕೇಳಬೇಕು ಅಂದ್ರೆ, ಇನ್ನು ಎರಡು ವರ್ಷಕ್ಕೆ ನಾವೆಲ್ಲ ಟೈ ಕಟ್ಟಿಕೊಂಡು ಆಡಿಟೋರಿಯಂನಲ್ಲಿ ಕೂರ್ತೀವಿ. ಸ್ಕ್ರೀನ್ ಮೇಲೆ ‘ನಮ್ಮ ಕಲ್ಚರ್’ ಅಂತ ಸ್ಲೈಡ್ ಬರತ್ತೆ. ಬೀನ್ ಬ್ಯಾಗು, ಪಿಂಗ್‌ಪಾಂಗ್ ಟೇಬಲ್ಲು. ಪ್ಯಾಕೇಜ್ ಎಷ್ಟು, ಬಾಂಡ್ ಎಷ್ಟು ವರ್ಷ, ಊರು ಯಾವುದು ಅಂತ ಕೇಳ್ತೀವಿ. ಇಂಟರ್ನಲ್ ಕಮಿಟಿ ಇದೆಯಾ ಅಂತ ಯಾರಾದ್ರೂ ಕೇಳಿದ್ದನ್ನ ನಾವಿನ್ನೂ ನೋಡಿಲ್ಲ. 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಅದು ಇರಲೇಬೇಕು. ಕಾಲೇಜುಗಳಲ್ಲೂ ಇರಬೇಕು. ನಮ್ಮ ಕಾಲೇಜಿನ ಕಮಿಟಿಯಲ್ಲಿ ಯಾರಿದ್ದಾರೆ ಅಂತ ನಾವು ನಮ್ಮನ್ನೇ ಕೇಳಿಕೊಂಡಾಗ ನಾಲ್ವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎರಡೂವರೆ ನಿಮಿಷದ ಪಂಕ್ ಹಾಡು ಕೇಳಿ ಹೋಗಿ ನೋಟಿಸ್ ಬೋರ್ಡ್ ನೋಡಿದ್ವಿ. ಹೆಸರುಗಳಿವೆ, ಕೆಳಗಡೆ ಮೂಲೆಯಲ್ಲಿ. ನೀವೂ ಒಂದು ಸಲ ನೋಡಿ.

ಪಂಕ್‌ನಲ್ಲಿ ಇದು ಹೊಸದಲ್ಲ. 1990ರ ದಶಕದಲ್ಲಿ ಅಮೆರಿಕದ ಬಿಕಿನಿ ಕಿಲ್ ಬ್ಯಾಂಡಿನ ಕ್ಯಾಥ್ಲೀನ್ ಹ್ಯಾನಾ, ಶೋ ಶುರುವಾಗೋ ಮುಂಚೆ ಹುಡುಗೀರೆಲ್ಲ ಮುಂದೆ ಬನ್ನಿ, ಹುಡುಗರು ಹಿಂದೆ ಹೋಗಿ ಅಂತ ಹೇಳ್ತಿದ್ದಳು. ಯಾಕಂದ್ರೆ ಸ್ಟೇಜಿನ ಹತ್ತಿರದ ನೂಕುನುಗ್ಗಲಲ್ಲಿ ಹುಡುಗೀರಿಗೆ ಜಾಗವೇ ಇರ್ತಿರಲಿಲ್ಲ. ನಮ್ಮ ಫೆಸ್ಟ್ ರಾತ್ರಿ ನೆನಪು ಮಾಡ್ಕೊಳ್ಳಿ. ಮುಂದೆ ಯಾರಿರ್ತಾರೆ? ಹಿಂದೆ ಕಾರಿಡಾರಿನಲ್ಲಿ ನಿಂತು ಗಡಿಯಾರ ನೋಡ್ತಾ ಕೇಳೋರು ಯಾರು? ನಮ್ಮಲ್ಲಿಬ್ಬರು ಕಳೆದ ಸಲ ಹೆಡ್‌ಲೈನರ್‌ನ ಎರಡನೇ ಹಾಡಿಗೇ ವಾಪಸ್ ಹಾಸ್ಟೆಲ್‌ಗೆ ಓಡಿದ್ರು. ಇನ್ನಿಬ್ಬರು ಕೊನೆವರೆಗೆ ಇದ್ದು, ಚೆನ್ನಾಗಿತ್ತು ಕಣೇ ಅಂತ ಮೆಸೇಜ್ ಹಾಕಿದ್ವಿ. ಆ ಮೆಸೇಜ್‌ಗೆ ಬಂದ ಉತ್ತರವನ್ನೂ ಎಡಿಟರ್ ಬಿಡಲ್ಲ.

1. ಟರ್ನ್‌ಸ್ಟೈಲ್: ‘ನೆವರ್ ಎನಫ್’ (ಜೂನ್ 6)

ಬಾಲ್ಟಿಮೋರ್‌ನ ಹಾರ್ಡ್‌ಕೋರ್ ಬ್ಯಾಂಡ್. ಹಾರ್ಡ್‌ಕೋರ್ ಅಂದ್ರೆ ಪಂಕ್‌ನ ಇನ್ನೂ ವೇಗದ, ಇನ್ನೂ ಚಿಕ್ಕ, ಇನ್ನೂ ಬಿಸಿಯ ತಮ್ಮ. 1980ರ ಸುಮಾರಿಗೆ ಹತ್ತಿರದ ವಾಷಿಂಗ್ಟನ್‌ನಲ್ಲಿ ಮೈನರ್ ಥ್ರೆಟ್ ಥರದ ಬ್ಯಾಂಡ್‌ಗಳನ್ನ ಕಟ್ಟಿದವರು ನಮ್ಮ ವಯಸ್ಸಿನ ಹುಡುಗರು. ತಮ್ಮದೇ ಲೇಬಲ್ ಮಾಡಿ, ತಾವೇ ಕವರ್ ಮಡಚಿ ಅಂಟಿಸಿ ರೆಕಾರ್ಡ್ ಮಾರಿದರು. ಸಣ್ಣ ವಯಸ್ಸಿನವರನ್ನೂ ಶೋಗೆ ಬಿಡಬೇಕು, ಟಿಕೆಟ್ ಕಮ್ಮಿ ಇರಬೇಕು ಅಂತ ಹಠ ಹಿಡಿದರು. ಆ ಪರಂಪರೆಯ ಮಕ್ಕಳು ಟರ್ನ್‌ಸ್ಟೈಲ್.

2021ರ ‘ಗ್ಲೋ ಆನ್’ನಿಂದ ಅವರು ದೊಡ್ಡವರಾದರು. ದೊಡ್ಡವರಾದ ಬ್ಯಾಂಡ್ ಮುಂದೇನು ಮಾಡತ್ತೆ? ಟಿಕೆಟ್ ರೇಟ್ ಏರಿಸತ್ತೆ. ಇವರು ಹೊಸ ಆಲ್ಬಂ ಬರೋಕೆ ಒಂದು ತಿಂಗಳು ಮುಂಚೆ, ಮೇ 10ಕ್ಕೆ, ತಮ್ಮೂರಿನ ಪಾರ್ಕಿನಲ್ಲಿ ಸಾವಿರಾರು ಜನರಿಗೆ ಫ್ರೀ ಶೋ ಕೊಟ್ಟು, ಮನೆಯಿಲ್ಲದವರಿಗೆ ಚಿಕಿತ್ಸೆ ಕೊಡೋ ಊರಿನ ಸಂಸ್ಥೆಗೆ ಹಣ ಸೇರಿಸಿದರು.

ಆಲ್ಬಂನಲ್ಲಿ 14 ಹಾಡು. ಗಾಯಕ ಬ್ರೆಂಡನ್ ಯೇಟ್ಸ್‌ನೇ ಪ್ರೊಡ್ಯೂಸರ್. ಮೊದಲ ಹಾಡು ಸಿಂತ್‌ನ ಅಲೆಯಿಂದ ಮೆಲ್ಲಗೆ ಶುರುವಾಗತ್ತೆ, ಆಮೇಲೆ ಡ್ರಮ್ ಬಿದ್ದಾಗ ಮೈ ತನ್ನಷ್ಟಕ್ಕೆ ಎದ್ದು ನಿಲ್ಲತ್ತೆ. ‘ಬರ್ಡ್ಸ್’ ಕೇಳಿದ್ರೆ ಹಾಸ್ಟೆಲ್ ಮಂಚ ಮುರಿಯೋ ಹಾಗೆ ಕುಣೀಬೇಕು ಅನ್ನಿಸತ್ತೆ. ‘ಸನ್‌ಶವರ್’ ಅನ್ನೋ ಹಾಡಿನಲ್ಲಿ ವೇಗವೆಲ್ಲ ಕರಗಿ ಕೊನೆಗೆ ಕೊಳಲು ಬರತ್ತೆ. ಹಳೇ ಹಾರ್ಡ್‌ಕೋರ್ ಫ್ಯಾನ್‌ಗಳು ಇದನ್ನ ಪಾಪ್ ಅಂತ ಬೈತಾರೆ. ನಮ್ಮ ಅಭಿಪ್ರಾಯ: ಎಲ್ಲ ಕಡೆ ಜೋರಾಗಿದ್ರೆ ಜೋರು ಅನ್ನೋದೇ ಗೊತ್ತಾಗಲ್ಲ. ಮಧ್ಯದಲ್ಲೊಂದು ಮೌನ ಬಂದಾಗಲೇ ಮುಂದಿನ ಏಟಿಗೆ ತೂಕ ಬರೋದು.

‘ಎಷ್ಟಿದ್ರೂ ಸಾಲಲ್ಲ’ ಅನ್ನೋ ಟೈಟಲ್ ನೋಡಿದ ತಕ್ಷಣ ನಮಗೆ ಸಿಜಿಪಿಎ ನೆನಪಾಯ್ತು. ಆದ್ರೆ ಇದನ್ನ ನಂಬರ್ ಒನ್ ಮಾಡಿದ್ದು ಟೈಟಲ್‌ಗಾಗಿ ಅಲ್ಲ. ಇಂಥ ಶೋಗಳ ವಿಡಿಯೋ ನೋಡಿ. ದೂರದಿಂದ ಹೊಡೆದಾಟದ ಥರ ಕಾಣತ್ತೆ. ಜನ ಒಬ್ಬರ ಮೇಲೊಬ್ಬರು ಹಾರ್ತಿರ್ತಾರೆ. ಸ್ವಲ್ಪ ಹೊತ್ತು ನೋಡ್ತಾ ಇದ್ರೆ ಬೇರೆ ಕಾಣತ್ತೆ. ಒಬ್ಬ ಬಿದ್ದ ತಕ್ಷಣ ಸುತ್ತಲಿನ ನಾಲ್ಕೈದು ಕೈ ಅವನ ಕಂಕುಳಿಗೆ ಬರತ್ತೆ, ಎತ್ತಿ ನಿಲ್ಲಿಸತ್ತೆ. ಯಾರ ಶೂ ಕಳೆದಿದೆಯೋ ಅದನ್ನ ಇನ್ಯಾರೋ ತಲೆ ಮೇಲೆ ಎತ್ತಿ ಹಿಡಿದಿರ್ತಾರೆ. ಮಾಷ್ ಪಿಟ್‌ನಲ್ಲಿ ಬರೆದಿಡದ ನಿಯಮ ಒಂದೇ, ಬಿದ್ದವರನ್ನ ಎತ್ತಬೇಕು. ಇಷ್ಟು ಜೋರು ಸಂಗೀತದ ನಡುವೆ ಇಷ್ಟು ಮೆತ್ತಗಿನ ನಿಯಮ. ನಮ್ಮ ಕ್ಲಾಸ್‌ರೂಮ್‌ಗಳಲ್ಲಿ ಪರಿಸ್ಥಿತಿ ಪೂರ್ತಿ ಉಲ್ಟಾ: ಎಲ್ಲರೂ ಮೆತ್ತಗೆ ಕೂತಿರ್ತೀವಿ, ಬಿದ್ದವರನ್ನ ಯಾರೂ ನೋಡಲ್ಲ.

ಹಾಗಾದ್ರೆ ಕನ್ನಡ ಕ್ಲಬ್‌ಗೂ ಇದಕ್ಕೂ ಏನು ಸಂಬಂಧ?

ಈ ಲೇಖನ ಬರೀತೀವಿ ಅಂದಾಗ ಸೀನಿಯರ್ ಅಕ್ಕ ಒಬ್ಬರು ಕೇಳಿದ್ದು ಇದೇ. ನ್ಯಾಯವಾದ ಪ್ರಶ್ನೆ.

ಮೊದಲ ಉತ್ತರ: ಈ ಗಲಾಟೆ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ನಾವು ಅಂಬೆಗಾಲು ಇಡ್ತಿದ್ವಿ. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಅದೇ ಮೈದಾನದಲ್ಲಿ ಭಾರತದ ತನ್ನ ಮೊದಲ ಶೋ ಕೊಟ್ಟಾಗ ಯುಕೆಜಿಯಲ್ಲಿ ನಿದ್ದೆ ಮಾಡ್ತಿದ್ವಿ. ಎರಡೂ ತಪ್ಪಿದ ದುಃಖ ದೊಡ್ಡದು. 1998ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಕ್ರಿಪ್ಟೋಸ್ ಇವತ್ತಿಗೂ ಹಳೇ ಕಾಲದ ಅಪ್ಪಟ ಹೆವಿ ಮೆಟಲ್ ನುಡಿಸ್ತಾ ಯುರೋಪ್ ಸುತ್ತತ್ತೆ. 2024ರಲ್ಲಿ ‘ಡೆಸಿಮೇಟರ್’ ಅನ್ನೋ ಆಲ್ಬಂ ತಂದ್ರು. ಆದ್ರೆ ಅವರೂ ಹಾಡೋದು ಇಂಗ್ಲಿಷಲ್ಲಿ.

ಬ್ಲಡಿವುಡ್ ಬಿಟ್ಟುಹೋದ ಪ್ರಶ್ನೆ ಇದೇ. ಡೆಲ್ಲಿಯವರು ಹಿಂದಿ, ಪಂಜಾಬಿಯಲ್ಲಿ ಕಿರುಚಬಹುದಾದ್ರೆ ನಾವ್ಯಾಕೆ ಕನ್ನಡದಲ್ಲಿ ಕಿರುಚಬಾರದು? ‘ಕನ್ನಡ ಕಸ್ತೂರಿ, ಮೃದು ಭಾಷೆ, ಭಾವಗೀತೆಗೇ ಸರಿ’ ಅನ್ನೋರಿಗೆ ನಮ್ಮ ಉತ್ತರ ಒತ್ತಕ್ಷರ. ಸಿಟ್ಟು, ರೊಚ್ಚು, ಕಿಚ್ಚು, ಬಿಕ್ಕಟ್ಟು, ಒದ್ದು, ಗುದ್ದು. ಒಂದೊಂದೂ ಸ್ನೇರ್ ಡ್ರಮ್ ಏಟು. ಟೇಬಲ್ ಮೇಲೆ ತಾಳ ಹಾಕುತ್ತಾ ಹೇಳಿ ನೋಡಿ, ಒತ್ತು ಬರೋ ಜಾಗದಲ್ಲೇ ಏಟು ಬೀಳತ್ತೆ. ಜೊತೆಗೆ ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗೀತವೆ. ಮುಗಿದ ಮೇಲೂ ಆ ‘ಉ’ವನ್ನ, ಆ ‘ಎ’ಯನ್ನ ಗಂಟಲು ಹರಿಯೋವರೆಗೆ ಎಳೀಬಹುದು. ನಾವು ಭಾಷಾತಜ್ಞರಲ್ಲ, ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಈ ಪುಟ ಬರೆಯೋಕೇ ಮೂರು ವಾರ ತಗೊಂಡವರು. ಆದ್ರೆ ಕಿವಿ ಇದೆ.

ಸಿಟ್ಟೂ ಕನ್ನಡಕ್ಕೆ ಹೊಸದಲ್ಲ. 1970ರ ದಶಕದಲ್ಲಿ ಸಿದ್ಧಲಿಂಗಯ್ಯನವರ ಸಾಲುಗಳನ್ನ ಹಿಡಿದು ಹೋರಾಟಗಾರರು ಬೀದಿಯಲ್ಲಿ ಹಾಡ್ತಿದ್ರು, ಕೈಯಲ್ಲಿ ತಮಟೆ ಹಿಡಿದು. ಗಿಟಾರ್ ಇರಲಿಲ್ಲ ಅಷ್ಟೇ. ಅದನ್ನ ಪಂಕ್ ಅಂತ ಕರೆಯಲ್ಲ, ಆ ಹೋರಾಟಕ್ಕೆ ಅದರದ್ದೇ ಹೆಸರು, ಅದರದ್ದೇ ನೋವು ಇದೆ. ನಾವು ಹೇಳೋದು ಇಷ್ಟೇ: ಜೋರಾಗಿ ಹಾಡಿದ್ರೆ ಕನ್ನಡ ಕೆಡತ್ತೆ ಅನ್ನೋ ಮಾತು ಸುಳ್ಳು.

ಹಾಗಾಗಿ ಒಂದು ಬೇಡಿಕೆ. ಕಳೆದ ಫೆಸ್ಟ್‌ನಲ್ಲಿ ಬ್ಯಾಂಡ್ ಸ್ಪರ್ಧೆ ತೆಗೆದು ಡಿಜೆ ನೈಟ್ ಇಟ್ರು. ಅದಕ್ಕೂ ಹಿಂದೆ ಇದ್ದ ಸ್ಪರ್ಧೆಯಲ್ಲೂ ಬೇರೆಯವರ ಹಾಡುಗಳೇ. ಈ ಸಲ ಸ್ಟೇಜಲ್ಲಿ ಮೂವತ್ತೇ ನಿಮಿಷ ಕೊಡಿ. ನಿಯಮ ಎರಡು: ಹಾಡು ಸ್ವಂತದ್ದಾಗಿರಬೇಕು, ಕನ್ನಡದಲ್ಲಿರಬೇಕು. ಚೆನ್ನಾಗಿರಲೇಬೇಕು ಅಂತಿಲ್ಲ. ಮೂರು ಕಾರ್ಡ್ ಸಾಕು. ಡಿಸ್ಟಾರ್ಷನ್ ಪೆಡಲ್ ಕೊಳ್ಳೋಕೆ ದುಡ್ಡಿಲ್ಲ ಅಂದ್ರೆ ಇಸಿ ಲ್ಯಾಬಿನವರನ್ನ ಕೇಳಿ. ಆಪ್-ಆಂಪ್‌ಗೆ ಗೇನ್ ಜಾಸ್ತಿ ಕೊಟ್ಟು ಸೈನ್ ವೇವ್‌ನ ತಲೆ ಚಪ್ಪಟೆ ಆದಾಗ ನಮಗೆ ಮಾರ್ಕ್ಸ್ ಕಟ್ ಮಾಡ್ತಾರಲ್ಲ, ಆ ತಪ್ಪಿಗೇ ರಾಕ್ ಸಂಗೀತದಲ್ಲಿ ಡಿಸ್ಟಾರ್ಷನ್ ಅಂತ ಹೆಸರು. ಎರಡು ಡಯೋಡ್, ಒಂದು ಐಸಿ, ಒಂದು ಬ್ಯಾಟರಿ. ಪ್ಲಾಸ್ಟಿಕ್ ಬಾಟಲಿಯಿಂದ ಬೆರಳು ಮಾಡಿಕೊಂಡವನ ಮುಂದೆ ಇದೆಷ್ಟು ಕಷ್ಟ?

ಇನ್ನೊಂದು ಮಾತು, ಅದೂ ಬೇಡಿಕೆಯೇ. ಆ ಮೂವತ್ತು ನಿಮಿಷ ಎರಡೂ ಹಾಸ್ಟೆಲ್‌ನ ಗೇಟು ತೆರೆದಿರೋ ಹೊತ್ತಲ್ಲಿ ಇಡಿ. ಇಲ್ಲಾಂದ್ರೆ ಮುಚ್ಚೋ ಗೇಟನ್ನ ಅವತ್ತೊಂದು ರಾತ್ರಿ ತಡವಾಗಿ ಮುಚ್ಚಿ. ಮುಂದಿನ ಸಾಲಲ್ಲಿ ನಾಲ್ವರೂ ನಿಲ್ಲಬೇಕು.

ಅಲ್ಲಿವರೆಗೆ ಶುಕ್ರವಾರ ರಾತ್ರಿ ಹತ್ತಕ್ಕೆ ನಮ್ಮದು ನಡೀತಾ ಇರತ್ತೆ. ಅಂದ ಹಾಗೆ ಆ ಮೂರು ಸಬ್ಜೆಕ್ಟ್‌ನಲ್ಲಿ ಎರಡು ಪಾಸಾಯ್ತು. ಒಂದು ಬಾಕಿ ಇದೆ, ಎಂ-1. ಗ್ರೂಪಿಗೆ ಸೇರಬೇಕು ಅಂದ್ರೆ ಕ್ಲಬ್ ರೂಮಲ್ಲಿ ಕೇಳಿ. ಮೆಟಲ್ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ. ಹತ್ತು ಗಂಟೆಗೆ ಕೈ ಎತ್ತಿದ್ರೆ ಸಾಕು. ಎತ್ತದಿದ್ರೆ ನಾವೇ ಬಂದು ಬಾಗಿಲು ಬಡೀತೀವಿ.